ಎರಡು ಕಿಲೋಮೀಟರಿನ ಒಪ್ಪಂದ

2004ರ ಡಿಸೆಂಬರ್ 26ರ ಸುನಾಮಿ ಶ್ರೀಲಂಕಾದಲ್ಲಿ 30 ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅಲೆ ಅಪ್ಪಳಿಸಿದ ಕರಾವಳಿ ಒಬ್ಬರ ಆಡಳಿತದಲ್ಲಿರಲಿಲ್ಲ. ಗಾಲೆ, ಹಂಬನ್‌ತೋಟ ಸರ್ಕಾರದ ಕೈಯಲ್ಲಿದ್ದವು. ಮುಲ್ಲೈತೀವು, ಪ್ರತ್ಯೇಕ ತಮಿಳು ರಾಜ್ಯಕ್ಕಾಗಿ ಸರ್ಕಾರದ ವಿರುದ್ಧ ಯುದ್ಧ ಹೂಡಿದ್ದ ಬಂಡುಕೋರ ಸಂಘಟನೆ ಎಲ್‌ಟಿಟಿಇ ಹಿಡಿತದಲ್ಲಿತ್ತು. ಎಲ್ಲಕ್ಕಿಂತ ಹೆಚ್ಚು ಸಾವು ಕಂಡದ್ದು ಪೂರ್ವದ ಅಂಪಾರೈ ಜಿಲ್ಲೆ. ಅಲ್ಲಿ ಮಡಿದವರಲ್ಲಿ ಬಹಳ ಮಂದಿ ಮುಸ್ಲಿಮರು, ಯುದ್ಧದ ಎರಡೂ ಪಕ್ಷಗಳಿಗೆ ಸೇರದವರು. ಹೊರದೇಶಗಳು ಹಣ ಕೊಡಲು ಮುಂದೆ ಬಂದವು. ಆ ಹಣ ಯಾರ ಕೈ ದಾಟಿ ಸಂತ್ರಸ್ತರ ಮನೆ ಬಾಗಿಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ಆರು ತಿಂಗಳು ಹಿಡಿಯಿತು.

ತಡವಾಗಲು ಬಲವಾದ ಕಾರಣಗಳಿದ್ದವು. 2002ರ ಫೆಬ್ರವರಿಯ ಕದನವಿರಾಮ ಇನ್ನೂ ಜಾರಿಯಲ್ಲಿತ್ತು, ಆದರೆ ಎಲ್‌ಟಿಟಿಇ 2003ರ ಏಪ್ರಿಲ್‌ನಲ್ಲೇ ಮಾತುಕತೆಯಿಂದ ಹೊರನಡೆದಿತ್ತು. ಅದೇ ವರ್ಷದ ಅಕ್ಟೋಬರ್ ಕೊನೆಗೆ ಅದು ಮುಂದಿಟ್ಟ ಮಧ್ಯಂತರ ಸ್ವಯಂ ಆಡಳಿತದ ಪ್ರಸ್ತಾವ ಕೊಲಂಬೊ ರಾಜಕಾರಣವನ್ನೇ ಕಲಕಿತ್ತು. ಬಂಡುಕೋರರ ಕೈಗೆ ಹಣ ಕೊಟ್ಟರೆ ಪ್ರತ್ಯೇಕ ರಾಜ್ಯವನ್ನೇ ಒಪ್ಪಿದಂತಾಗುತ್ತದೆ ಎಂದು ಸಿಂಹಳ ರಾಷ್ಟ್ರೀಯವಾದಿಗಳು ಪಟ್ಟು ಹಿಡಿದರು. ಎಲ್ಲವೂ ಕೊಲಂಬೊ ಮೂಲಕವೇ ಬರಬೇಕೆಂದರೆ ಎಲ್‌ಟಿಟಿಇ ಒಪ್ಪುತ್ತಿರಲಿಲ್ಲ. ಅಮೆರಿಕ, ಬ್ರಿಟನ್‌ನಂಥ ದೇಶಗಳು ಆ ಸಂಘಟನೆಯನ್ನು ನಿಷೇಧಿಸಿದ್ದರಿಂದ ಅದಕ್ಕೆ ನೇರವಾಗಿ ಹಣ ಕೊಡುವ ಹಾಗೂ ಇರಲಿಲ್ಲ.

ಎರಡೂ ಪಕ್ಷಗಳ ನಡುವೆ ನಾರ್ವೆಯ ಸಂಧಾನಕಾರರು ನಡೆಸಿದ ಓಡಾಟದಲ್ಲಿ ಒಂದೊಂದು ಗಂಟಿಗೂ ಒಂದೊಂದು ಬಿಡಿಸುವ ದಾರಿ ಸಿಕ್ಕಿತು. ಮೊದಲನೆಯದು ನೆಲದ ಪ್ರಶ್ನೆ. ಒಪ್ಪಂದ ಅನ್ವಯವಾಗುವುದು ಉತ್ತರ ಮತ್ತು ಪೂರ್ವದ ಆರು ಜಿಲ್ಲೆಗಳಲ್ಲಿ, ಅದೂ ಸಮುದ್ರದಿಂದ ಒಳಕ್ಕೆ ಎರಡು ಕಿಲೋಮೀಟರ್ ಪಟ್ಟಿಯಲ್ಲಿ ಮಾತ್ರ ಎಂದು ನಿರ್ಧಾರವಾಯಿತು. ಇದು ಗಡಿ ಗುರುತಿಸುವ ದಾಖಲೆಯಲ್ಲ, ಮನೆ ಕಟ್ಟುವ ದಾಖಲೆ ಎಂದು ಹೇಳಲು ಅದರಿಂದ ಸಾಧ್ಯವಾಯಿತು.

ಎರಡನೆಯದು ಅಧಿಕಾರದ ಪ್ರಶ್ನೆ. ಅದಕ್ಕೆ ಮೂರು ಹಂತದ ಸಮಿತಿಗಳು ಬಂದವು. ಮೇಲಿನ ಸಮಿತಿಯಲ್ಲಿ ಸರ್ಕಾರ, ಎಲ್‌ಟಿಟಿಇ, ಮುಸ್ಲಿಂ ಪಕ್ಷಗಳಿಂದ ತಲಾ ಒಬ್ಬರು. ಎಲ್‌ಟಿಟಿಇ ಹಿಡಿತದಲ್ಲಿದ್ದ ಕಿಳಿನೊಚ್ಚಿಯಲ್ಲಿ ಕೂರಬೇಕಿದ್ದ ಪ್ರಾದೇಶಿಕ ಸಮಿತಿಯ ಹತ್ತು ಸ್ಥಾನಗಳಲ್ಲಿ ಎಲ್‌ಟಿಟಿಇಗೆ ಐದು, ಮುಸ್ಲಿಂ ಪಕ್ಷಗಳಿಗೆ ಮೂರು, ಸರ್ಕಾರಕ್ಕೆ ಎರಡು. ಕೆಳಗೆ ಜಿಲ್ಲಾ ಸಮಿತಿಗಳು. ಮೂರನೆಯದು ಹಣದ ಪ್ರಶ್ನೆ. ಹೊರದೇಶಗಳ ನೆರವಿಗೆಂದೇ ಪ್ರಾದೇಶಿಕ ನಿಧಿ ಸ್ಥಾಪಿಸಿ, ಅದನ್ನು ಕಾಯುವ ಹೊಣೆ ವಿಶ್ವಬ್ಯಾಂಕಿಗೆ ವಹಿಸುವ ಯೋಚನೆ ಮಾಡಿದರು. ಕಾಸು ಸರ್ಕಾರದ ಖಜಾನೆಗೂ ಬೀಳುವುದಿಲ್ಲ, ಬಂಡುಕೋರರ ಪೆಟ್ಟಿಗೆಗೂ ಬೀಳುವುದಿಲ್ಲ. ಪರಸ್ಪರ ನಂಬದವರು ಒಂದೇ ಊರನ್ನು ಕಟ್ಟುವುದು ಹೇಗೆ ಎಂಬುದಕ್ಕೆ ಇಷ್ಟು ಜಾಣ್ಮೆಯ ಉತ್ತರ ಅಪರೂಪ.

2005ರ ಜೂನ್ 24ರಂದು ಸಹಿ ಬಿತ್ತು. ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಇದಕ್ಕೆ ದೊಡ್ಡ ಬೆಲೆ ತೆತ್ತರು: ಸಹಿಗೆ ಒಂದು ವಾರ ಮೊದಲು ಸಿಂಹಳ ರಾಷ್ಟ್ರೀಯವಾದಿ ಪಕ್ಷ ಜನತಾ ವಿಮುಕ್ತಿ ಪೆರಮುನ ತನ್ನ 39 ಸಂಸದರೊಂದಿಗೆ ಸರ್ಕಾರದಿಂದ ಹೊರಬಂದಿದ್ದರಿಂದ ಸರ್ಕಾರ ಬಹುಮತ ಕಳೆದುಕೊಂಡಿತ್ತು. ಆ ಪಕ್ಷವೇ ಸುಪ್ರೀಂ ಕೋರ್ಟಿಗೂ ಹೋಯಿತು. ಜುಲೈ 15ರ ಮಧ್ಯಂತರ ಆದೇಶ ಪ್ರಾದೇಶಿಕ ನಿಧಿಯನ್ನೂ, ಕಿಳಿನೊಚ್ಚಿಯಲ್ಲಿ ಸಮಿತಿ ಕೂರುವುದನ್ನೂ ತಡೆಯಿತು. ಒಪ್ಪಂದದ ಜೀವವಿದ್ದದ್ದೇ ಅವೆರಡರಲ್ಲಿ. ಆಗಸ್ಟ್ 12ರಂದು ವಿದೇಶಾಂಗ ಸಚಿವ ಲಕ್ಷ್ಮಣ್ ಕದಿರ್‌ಗಾಮರ್ ಹತ್ಯೆಯಾಯಿತು. ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ಮಹಿಂದ ರಾಜಪಕ್ಸ ಗೆದ್ದರು. ಮರುವರ್ಷ ಯುದ್ಧ ಮರಳಿತು, 2009ರ ಮೇ ತಿಂಗಳವರೆಗೆ ನಡೆಯಿತು.

ಈ ಒಪ್ಪಂದವನ್ನು ಕೋರ್ಟು ಕೊಂದಿತು ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಅಷ್ಟೊಂದು ಸಾವು ಕಂಡ ಮುಸ್ಲಿಮರಿಗೆ ಸಮಿತಿಯಲ್ಲಿ ಕುರ್ಚಿ ಇತ್ತು, ಒಪ್ಪಂದದ ಮೇಲೆ ಸಹಿ ಇರಲಿಲ್ಲ. ದಕ್ಷಿಣದ ಸಿಂಹಳ ಮತದಾರರಿಗೆ ಇದನ್ನು ಯಾರೂ ಮನವರಿಕೆ ಮಾಡಿಕೊಟ್ಟಿರಲಿಲ್ಲ. ದೇಶದ ಅಧಿಕಾರ ಹಂಚಿಕೆ ಎಂಬ ಮೂಲ ಜಗಳವನ್ನು ಪಕ್ಕಕ್ಕಿಟ್ಟು ಪುನರ್ನಿರ್ಮಾಣವನ್ನಷ್ಟೇ ಮೇಜಿಗೆ ತಂದರು. ಪಕ್ಕಕ್ಕಿಟ್ಟ ಜಗಳವೇ ಒಳಗೆ ನುಗ್ಗಿ ಬಂತು.

ಅದೇ ಸುನಾಮಿಗೆ ಸಿಕ್ಕ ಇಂಡೊನೇಷ್ಯಾದ ಆಚೆ ಪ್ರಾಂತ್ಯದಲ್ಲಿ ಕ್ರಮ ತಿರುವುಮುರುವಾಯಿತು. ಫಿನ್‌ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ 2005ರ ಜನವರಿಯಿಂದ ಹೆಲ್ಸಿಂಕಿಯಲ್ಲಿ ನಡೆಸಿದ ಮಾತುಕತೆಯಲ್ಲಿ ಮೊದಲು ಮೂಲ ಜಗಳವನ್ನೇ ಕೈಗೆತ್ತಿಕೊಂಡರು. ಅಲ್ಲಿನ ಬಂಡುಕೋರ ಸಂಘಟನೆಯಾದ ಸ್ವತಂತ್ರ ಆಚೆ ಚಳವಳಿ ಪ್ರತ್ಯೇಕ ರಾಷ್ಟ್ರದ ಬೇಡಿಕೆ ಬಿಟ್ಟಿತು. ಸರ್ಕಾರ ಸ್ಥಳೀಯ ಪಕ್ಷಗಳನ್ನೂ, ನೆಲದ ಸಂಪತ್ತಿನ ಆದಾಯದಲ್ಲಿ ಶೇ 70ರ ಪಾಲನ್ನೂ ಒಪ್ಪಿತು. ಆಗಸ್ಟ್ 15ರ ಒಪ್ಪಂದದಲ್ಲಿ ಪುನರ್ನಿರ್ಮಾಣಕ್ಕೆ ಬೇಕಾದದ್ದು ಒಂದೇ ಸಾಲು: ಸುನಾಮಿ ಪುನರ್ನಿರ್ಮಾಣ ಸಂಸ್ಥೆಯ ಎಲ್ಲ ಹಂತಗಳಲ್ಲೂ ಚಳವಳಿಯ ಪ್ರತಿನಿಧಿಗಳು ಪೂರ್ಣವಾಗಿ ಭಾಗವಹಿಸುತ್ತಾರೆ. ಆ ಚಳವಳಿ ಸೇನೆಯ ಏಟಿನಿಂದ ಆಗಲೇ ಬಳಲಿತ್ತು, ಎಲ್‌ಟಿಟಿಇ ಬಲವಾಗಿತ್ತು ಎಂಬ ವ್ಯತ್ಯಾಸ ಮರೆಯುವಂಥದ್ದಲ್ಲ. ಆದರೂ ಆಚೆಯಲ್ಲಿ 840 ಬಂದೂಕುಗಳು ವರ್ಷ ಮುಗಿಯುವುದರೊಳಗೆ ಶರಣಾದವು, ಮನೆಗಳೂ ಎದ್ದವು.

ಶ್ರೀಲಂಕಾದ ಆ ಕಾಗದವನ್ನು ಸೋತ ದಾಖಲೆಯೆಂದು ಮೂಲೆಗೆ ಎಸೆಯಬಾರದು. ನೆಲಕ್ಕೆ ಮಿತಿ, ಮೂರನೆಯವರ ಕೈಯಲ್ಲಿ ಹಣ, ಹಂತಹಂತದ ಸಮಿತಿ: ಯುದ್ಧ ಮತ್ತು ಪ್ರಕೃತಿ ಎರಡರ ಏಟನ್ನೂ ತಿನ್ನುವ ಯಾವ ನಾಡಿಗಾದರೂ ಈ ಸೂತ್ರಗಳು ನಾಳೆ ಬೇಕಾಗುತ್ತವೆ. ಅವುಗಳನ್ನು ಮತ್ತೆ ಕೈಗೆತ್ತಿಕೊಳ್ಳುವವರು, ಮನೆ ಕಳೆದುಕೊಂಡ ಪ್ರತಿ ಸಮುದಾಯದ ಸಹಿಯನ್ನೂ ಮೊದಲು ಪಡೆಯಲಿ. ಮೂಲ ಜಗಳವನ್ನು ನಾಳೆಗೆ ಮುಂದೂಡದಿರಲಿ.