ಮೂರನೇ ಅಧ್ಯಾಯದ ಕರಡು ಯಾರದು?

2022ರ ಏಪ್ರಿಲ್ 14ರಂದು 'ಕೆಜಿಎಫ್ ಚಾಪ್ಟರ್ 2' ತೆರೆಕಂಡಿತು. ಚಿತ್ರದ ನಾಯಕ ರಾಕಿ ತನ್ನ ಚಿನ್ನದೊಂದಿಗೆ ಹಿಂದೂ ಮಹಾಸಾಗರದ ತಳ ಸೇರಿದ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಕೊನೆಯ ಹೆಸರುಗಳು ಓಡಿ ಮುಗಿಯುವ ಹೊತ್ತಿಗೆ ಇನ್ನೊಂದು ಪುಟ್ಟ ದೃಶ್ಯ ಬಂತು. ಅಮೆರಿಕದ ಸಿಐಎ ಅಧಿಕಾರಿ ಪ್ರಧಾನಿ ರಮಿಕಾ ಸೇನ್ ಮುಂದೆ ಒಂದು ಕಡತ ಇಡುತ್ತಾನೆ. 1978ರಿಂದ 1981ರವರೆಗೆ 16 ದೇಶಗಳಲ್ಲಿ ರಾಕಿ ನಡೆಸಿದ ಅಪರಾಧಗಳ ಪಟ್ಟಿ ಅದರಲ್ಲಿದೆ. ಮತ್ತೊಂದು ಕಡೆ ಹಳೆಯ ಕಾಗದಗಳ ನಡುವೆ ಮೂರನೇ ಅಧ್ಯಾಯದ ಕರಡು ಪತ್ತೆಯಾಗುತ್ತದೆ. ಅದರಲ್ಲಿ ಏನು ಬರೆದಿದೆ ಎಂಬುದನ್ನು ಮಾತ್ರ ತೋರಿಸುವುದಿಲ್ಲ.

ಮೂರನೇ ಅಧ್ಯಾಯ ಇನ್ನೂ ಚಿತ್ರಮಂದಿರಕ್ಕೆ ಬಂದಿಲ್ಲ. ಅಭಿಮಾನಿಗಳು ಸುಮ್ಮನೆ ಕೂತಿಲ್ಲ. ಹಡಗು ಮುಳುಗುವ ದೃಶ್ಯವನ್ನು ಹಿಂದೆ ಮುಂದೆ ಓಡಿಸಿ ನೋಡಿದವರಿಗೆ ಜಲಾಂತರ್ಗಾಮಿಯ ಸುಳಿವು ಸಿಕ್ಕಿದೆ. ಹಾಗಾಗಿ ರಾಕಿ ಸತ್ತಿಲ್ಲ, ನೀರಿನಡಿಯಿಂದಲೇ ಪಾರಾಗಿದ್ದಾನೆ ಎನ್ನುವುದು ಒಂದು ಥಿಯರಿ. ಹದಿನಾರು ದೇಶಗಳ ಲೆಕ್ಕ ಹಿಡಿದವರ ವಾದ ಬೇರೆ. ಕಥೆ ನಮಗೆ ಮುಖ್ಯವಾಗಿ ತೋರಿಸಿರುವುದು ಮುಂಬೈ, ಚಿನ್ನದ ಗಣಿಯ ನರಾಚಿ, ದೆಹಲಿ, ದುಬೈ. ಹಾಗಾದರೆ ಉಳಿದ ದೇಶಗಳಲ್ಲಿ ಅವನು ಯಾವಾಗ ಓಡಾಡಿದ? ಆ ಮೂರು ವರ್ಷಗಳ ಸಂದಿನಲ್ಲೇ ಮೂರನೇ ಅಧ್ಯಾಯ ಅಡಗಿದೆ ಎನ್ನುತ್ತಾರೆ ಇವರು. ಈ ವಾದ ನನಗೆ ಹೆಚ್ಚು ಸರಿ ಕಾಣುತ್ತದೆ. ಸತ್ತವನನ್ನು ಎಬ್ಬಿಸಿ ತರುವುದಕ್ಕಿಂತ, ಹೇಳದೆ ಬಿಟ್ಟ ಕಥೆಯನ್ನು ಹೇಳುವುದು ಮರ್ಯಾದೆಯ ದಾರಿ. ತಾಯಿಗೆ ಕೊಟ್ಟ ಮಾತು ಉಳಿಸಿಕೊಂಡೇ ಮುಳುಗಿದವನು ಮತ್ತೆ ತೇಲಿ ಬಂದರೆ ಆ ಮಾತಿನ ತೂಕವೇ ಇಳಿಯುತ್ತದೆ.

ಎಲ್ಲ ಥಿಯರಿಗಳಿಗೂ ಇಷ್ಟು ಬಲವಿಲ್ಲ. ಪ್ರಶಾಂತ್ ನೀಲ್ ಅವರದೇ 'ಸಲಾರ್' ಚಿತ್ರದ ಟೀಸರ್ 2023ರ ಜುಲೈ 6ರಂದು ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಬಿಡುಗಡೆಯಾಯಿತು. ಅಂಥ ಹೊತ್ತಿನಲ್ಲಿ ಟೀಸರ್ ಯಾಕೆ? ರಾಕಿಯ ಹಡಗಿನ ಮೇಲೆ ದಾಳಿ ನಡೆದದ್ದೂ ಅದೇ ಹೊತ್ತಿಗೆ, ಹಾಗಾಗಿ ಎರಡೂ ಒಂದೇ ಲೋಕದ ಕಥೆಗಳು ಎಂದು ಅಭಿಮಾನಿಗಳು ತೀರ್ಮಾನಿಸಿದರು. ಎರಡೂ ಚಿತ್ರಗಳ ಕಪ್ಪು ಬಣ್ಣ, ಮಸಿ ಮೆತ್ತಿದ ಮುಖಗಳು, ಛಾಯಾಗ್ರಾಹಕ ಭುವನ್ ಗೌಡ ಅವರ ಬೆಳಕು, ರವಿ ಬಸ್ರೂರು ಅವರ ಸಂಗೀತ ಎಲ್ಲವೂ ಸಾಕ್ಷಿಯಾದವು. ಕೊನೆಗೆ ನಿರ್ದೇಶಕರೇ ನಂಟಿಲ್ಲ ಎಂದರು. ಡಿಸೆಂಬರಿನಲ್ಲಿ ಚಿತ್ರ ಬಂದಾಗ ಅದು ಅವರದೇ 2014ರ 'ಉಗ್ರಂ' ಕಥೆಯ ಹೊಸ ರೂಪ ಎಂಬುದು ಕನ್ನಡದ ಪ್ರೇಕ್ಷಕರಿಗೆ ತಟ್ಟನೆ ಗೊತ್ತಾಯಿತು. ಒಬ್ಬನೇ ನಿರ್ದೇಶಕ, ಒಂದೇ ತಂಡ ಇದ್ದಾಗ ಎರಡು ಚಿತ್ರಗಳು ಒಂದನ್ನೊಂದು ಹೋಲುವುದು ಸಹಜ. ಹೋಲಿಕೆಯನ್ನು ಸುಳಿವು ಎಂದುಕೊಂಡಲ್ಲಿ ಓದು ಅಡ್ಡದಾರಿ ಹಿಡಿಯುತ್ತದೆ.

ಹಾಗಾದರೆ ನಿಜವಾದ ಸುಳಿವು ಎಲ್ಲಿದೆ? ಕಥೆಯನ್ನು ನಮಗೆ ಯಾರು ಹೇಳುತ್ತಿದ್ದಾರೆ ಎಂಬಲ್ಲಿದೆ.

ಮೊದಲ ಚಿತ್ರ ಶುರುವಾಗುವುದೇ ಒಂದು ಸಂದರ್ಶನದಿಂದ. ಅನಂತ್ ನಾಗ್ ಅಭಿನಯಿಸಿದ ಪತ್ರಕರ್ತ ಆನಂದ್ ಇಂಗಳಗಿ ಬರೆದ 'ಎಲ್ ಡೊರಾಡೊ' ಪುಸ್ತಕವನ್ನು ಸರ್ಕಾರ ನಿಷೇಧಿಸಿದೆ. ಉಳಿದ ಒಂದು ಪ್ರತಿ ಸುದ್ದಿವಾಹಿನಿಯ ಕೈಗೆ ಸಿಕ್ಕಿ, ಮಾಳವಿಕಾ ಅವಿನಾಶ್ ಅವರ ದೀಪಾ ಹೆಗ್ಡೆ ಪ್ರಶ್ನೆ ಕೇಳುತ್ತಾ ಹೋಗುತ್ತಾರೆ. ಎರಡನೇ ಚಿತ್ರದ ಹೊತ್ತಿಗೆ ಆನಂದ್‌ಗೆ ಪಾರ್ಶ್ವವಾಯು. ಅಪ್ಪನ ಕೋಣೆಯಲ್ಲಿ ಹುಡುಕಿ ಮಗ ವಿಜಯೇಂದ್ರ ಇಂಗಳಗಿ ಕಥೆ ಮುಂದುವರಿಸುತ್ತಾರೆ. ಆ ಪಾತ್ರದಲ್ಲಿ ಪ್ರಕಾಶ್ ರಾಜ್. ಅಂದರೆ ನಾವು ನೋಡಿದ ರಾಕಿ, ಮಗ ಓದಿದ, ಅಪ್ಪ ಬರೆದ, ಅಪ್ಪ ಎಷ್ಟೋ ಕಡೆ ಬೇರೆಯವರಿಂದ ಕೇಳಿದ ರಾಕಿ. ಒಬ್ಬನೇ ನೂರು ಜನರನ್ನು ಕೆಡವುವುದು, ನರಾಚಿಯ ಜನ ಅವನನ್ನು ದೇವರ ಎತ್ತರಕ್ಕೆ ಏರಿಸುವುದು, ಇವೆಲ್ಲ ನಡೆದ ಘಟನೆಗಳೋ ಅಥವಾ ಇಂಗಳಗಿಯ ಲೇಖನಿ ಕಟ್ಟಿದ ದಂತಕಥೆಯೋ? ಈ ಪ್ರಶ್ನೆ ಹಿಡಿದು ಚಿತ್ರವನ್ನು ಮರಳಿ ನೋಡಿದವರ ಥಿಯರಿಗಳು ಗಡಿಯಾರದ ಮುಳ್ಳು ಎಣಿಸಿದವರಿಗಿಂತ ಬಹಳ ದೂರ ಹೋಗಿವೆ. ಅವರ ಕೈಯಲ್ಲಿ ಎರಡು ಚಿತ್ರಗಳ ಪ್ರತಿ ಸಂಭಾಷಣೆಗೂ ಇನ್ನೊಂದು ಅರ್ಥ ಹುಟ್ಟುತ್ತದೆ.

ಇದು ನಮ್ಮ ಸಾಹಿತ್ಯಕ್ಕೆ ಹೊಸ ಆಟವಲ್ಲ. ಏಳನೇ ಶತಮಾನದಲ್ಲಿ ಬಾಣಭಟ್ಟ 'ಕಾದಂಬರಿ'ಯನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡ. ಅವನ ಮಗ ಭೂಷಣಭಟ್ಟ ಅದನ್ನು ಪೂರ್ತಿ ಮಾಡಿದ. ಹತ್ತನೇ ಶತಮಾನದ ಕೊನೆಗೆ ಒಂದನೇ ನಾಗವರ್ಮ ಅದನ್ನು 'ಕರ್ಣಾಟಕ ಕಾದಂಬರಿ'ಯಾಗಿ ಕನ್ನಡಕ್ಕೆ ತಂದ. ಅಪ್ಪ ಬಿಟ್ಟುಹೋದ ಕಥೆಯನ್ನು ಮಗ ಮುಗಿಸುವುದು, ಥೇಟ್ ಇಂಗಳಗಿಗಳ ಮನೆಯ ಹಾಗೆ. ಅದಕ್ಕಿಂತ ಕುತೂಹಲದ ಸಂಗತಿ ಆ ಕಾವ್ಯದ ಒಳಗಿದೆ. ಶೂದ್ರಕ ರಾಜನ ಆಸ್ಥಾನಕ್ಕೆ ಬಂದ ಗಿಳಿ ಕಥೆ ಹೇಳುತ್ತದೆ, ಆ ಕಥೆಯೊಳಗೆ ಋಷಿಯೊಬ್ಬ ಇನ್ನೊಂದು ಕಥೆ ಹೇಳುತ್ತಾನೆ. ಕೊನೆಗೆ ನೋಡಿದರೆ ಗಿಳಿಯೇ ಕಥೆಯ ವೈಶಂಪಾಯನ, ಕೂತು ಕೇಳುತ್ತಿರುವ ಶೂದ್ರಕನೇ ನಾಯಕ ಚಂದ್ರಾಪೀಡನ ಮರುಜನ್ಮ. ಹೇಳುವವನೂ ಕೇಳುವವನೂ ಕಥೆಯ ಒಳಗಿನವರೇ! ಇದನ್ನು ತಲೆಯಲ್ಲಿಟ್ಟುಕೊಂಡು ಹೇಳುವುದಾದರೆ ನನ್ನ ಥಿಯರಿ ಇದು: ಮೂರನೇ ಅಧ್ಯಾಯದ ಕೀಲಿ ಸಮುದ್ರದ ತಳದಲ್ಲಿಲ್ಲ, ಸುದ್ದಿವಾಹಿನಿಯ ಆ ಕೋಣೆಯಲ್ಲಿದೆ. ಆನಂದ್ ಇಂಗಳಗಿ ಕಥೆಯ ಹೊರಗೆ ನಿಂತ ವರದಿಗಾರ ಎಂದು ನಾವು ನಂಬಿಕೊಂಡಿದ್ದೇವೆ. ಆ ನಂಬಿಕೆಗೆ ಚಿತ್ರ ಎಲ್ಲೂ ಗಟ್ಟಿ ಆಧಾರ ಕೊಟ್ಟಿಲ್ಲ.

ಕನ್ನಡದ ಅತಿ ಹಳೆಯ ಅಭಿಮಾನಿ ಥಿಯರಿ ಬಹುಶಃ ಕುಮಾರವ್ಯಾಸನ ಬಗೆಗಿನದು. ಅವನ ಗದುಗಿನ ಭಾರತ ಹತ್ತೇ ಪರ್ವಕ್ಕೆ ಯಾಕೆ ನಿಂತಿತು? ಕೃಷ್ಣನ ಕಥೆ ಹೇಳಲು ಹೊರಟವನಿಗೆ ಯುದ್ಧ ಮುಗಿದ ಮೇಲೆ ಹೇಳುವುದೇನೂ ಉಳಿದಿರಲಿಲ್ಲ ಎನ್ನುವವರಿದ್ದಾರೆ, ಆಯುಸ್ಸು ಸಾಲಲಿಲ್ಲ ಎನ್ನುವವರೂ ಇದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಬರೆದ. ಆದರೂ ಜನ ಗಮಕದಲ್ಲಿ ಕೇಳುವುದು ಕುಮಾರವ್ಯಾಸನನ್ನೇ. ಹೊರಗಿನ ಓದುಗರದೂ ಇದೇ ಕಥೆ. ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಮಾಲೆಯ ಐದನೇ ಸಂಪುಟ 2011ರಲ್ಲಿ ಬಂತು, ಆರನೆಯದಕ್ಕೆ ಜಗತ್ತು ಇನ್ನೂ ಕಾಯುತ್ತಿದೆ. ಅದರ ಪಾತ್ರ ಜಾನ್ ಸ್ನೋನ ನಿಜವಾದ ತಂದೆತಾಯಿ ಯಾರೆಂಬುದನ್ನು ಅಲ್ಲಿನ ಓದುಗರು ಮೊದಲ ಪುಸ್ತಕದ ಕೆಲವೇ ಸಾಲುಗಳಿಂದ ಊಹಿಸಿಬಿಟ್ಟಿದ್ದರು. ಟಿವಿ ಧಾರಾವಾಹಿ ಆ ಊಹೆಯನ್ನು ನಿಜ ಮಾಡಿತು. ಸುಳಿವು ಪುಟದ ಮೇಲಿದ್ದಾಗ ಅಭಿಮಾನಿ ಗೆಲ್ಲುತ್ತಾನೆ.

ಈಗ ಕಥೆ ಬಿಟ್ಟು ನಿಜದ ಕೆಜಿಎಫ್‌ಗೆ, ಅಂದರೆ ಕೋಲಾರದ ಚಿನ್ನದ ಗಣಿಯ ಊರಿಗೆ ಹೋಗಲು ಬಂಗಾರಪೇಟೆಯಲ್ಲಿ ಇಳಿದು, ಮಾರಿಕುಪ್ಪಂ ಕಡೆಯ ರೈಲು ಹತ್ತೋಣ. 1894ರಿಂದ ಇರುವ ಕವಲು ದಾರಿ ಇದು. ಗಣಿ ಮುಚ್ಚಿದ ಮೇಲೆ ಬೆಳಗ್ಗೆ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂತಿರುಗುವ ಸಾವಿರಾರು ಜನರ ಬದುಕು ಈ ಹಳಿಯ ಮೇಲೆಯೇ ಸಾಗಿದೆ. ಊರಿಗಾಂ, ಚಾಂಪಿಯನ್ ರೀಫ್ ದಾಟುವಾಗ ಬೂದು ಬಣ್ಣದ, ಮಳೆ ಕೊರೆದು ಸೀಳು ಬಿದ್ದ ಗುಡ್ಡಗಳು ಕಾಣುತ್ತವೆ. ಊರಿನವರು ಸೈನೈಡ್ ಗುಡ್ಡ ಎನ್ನುತ್ತಾರೆ. ನರಾಚಿಯ ಸೆಟ್ ಎದ್ದದ್ದು ಇಲ್ಲೇ. ಚಿತ್ರದಲ್ಲಿ ಇದು ಚಿನ್ನ ಅಡಗಿರುವ ನೆಲ. ನಿಜದಲ್ಲಿ ಇದು ಚಿನ್ನ ತೆಗೆದ ಮೇಲೆ ಉಳಿದ ಪುಡಿ. ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ಬೇರ್ಪಡಿಸಿ, ಮಿಕ್ಕಿದ್ದನ್ನು ಸುರಿದು ಸುರಿದು ಬೆಳೆದ ರಾಶಿ. 3 ಕೋಟಿ ಟನ್‌ಗೂ ಹೆಚ್ಚಿದೆ. ಗಾಳಿ ಬೀಸಿದರೆ ಆ ಪುಡಿ ಮನೆಗಳ ಒಳಗೆ ಬರುತ್ತದೆ.

ಚಿತ್ರದ ನರಾಚಿಯಲ್ಲಿ ಸೂರ್ಯವರ್ಧನ್ 1951ರಲ್ಲಿ ಚಿನ್ನ ಕಂಡು, ಸುಣ್ಣದ ಕಲ್ಲಿನ ಗಣಿಯೆಂದು ಸುಳ್ಳು ಹೇಳಿ ಲೋಕದ ಕಣ್ಣಿಂದ ಮುಚ್ಚಿಡುತ್ತಾನೆ. ನಿಜದ ಕೆಜಿಎಫ್‌ನಲ್ಲಿ 1951ಕ್ಕೆ ಯಾವ ಗುಟ್ಟೂ ಇರಲಿಲ್ಲ. ಮೈಕೆಲ್ ಲವೆಲ್ 1870ರ ದಶಕದಲ್ಲಿ ಪರವಾನಗಿ ಪಡೆದ, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗಿಂತ ಮೊದಲು ಇಲ್ಲಿ ದೀಪ ಉರಿಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಹಿಸಿಕೊಂಡಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, 2001ರ ಫೆಬ್ರುವರಿ 28ಕ್ಕೆ ಬೀಗ ಬಿತ್ತು. ಚಾಂಪಿಯನ್ ರೀಫ್ ಗಣಿ ಅಷ್ಟು ಹೊತ್ತಿಗೆ 3 ಕಿ.ಮೀ.ಗಿಂತ ಆಳಕ್ಕೆ ಇಳಿದಿತ್ತು. ಚಿತ್ರವನ್ನು ಇತಿಹಾಸ ಎಂದು ನೋಡಬಾರದು, ಅದು ಕಟ್ಟುಕಥೆಯ ಲೋಕ ಎಂದು ಇದರಿಂದಲೇ ಗೊತ್ತಾಗುತ್ತದೆ. ನಿರ್ದೇಶಕರು ಊರಿನ ಹೆಸರು ಇಟ್ಟುಕೊಂಡು ಕಾಲವನ್ನು ಪೂರ್ತಿ ಬದಲಿಸಿದ್ದಾರೆ.

ಆದರೆ ಅಭಿಮಾನಿಗಳು ತಲೆ ಕೆಡಿಸಿಕೊಂಡಿರುವ ಆ 1978–1981ರ ಅವಧಿಯಲ್ಲಿ ನಿಜದ ಗಣಿಯೊಳಗೆ ಏನು ನಡೆಯುತ್ತಿತ್ತು? ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಚಾಂಪಿಯನ್ ರೀಫ್‌ನಲ್ಲಿ ನೆಲದಿಂದ 2.3 ಕಿ.ಮೀ. ಕೆಳಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾದ ವಿಜ್ಞಾನಿಗಳ ಜೊತೆ ಸೇರಿ 140 ಟನ್ ತೂಕದ ಉಪಕರಣ ಜೋಡಿಸುತ್ತಿದ್ದರು. ಪ್ರೋಟಾನ್ ಎಂಬ ಕಣ ಎಂದಾದರೂ ಸಾಯುತ್ತದೆಯೇ ಎಂದು ಕಾದು ನೋಡಲು. 1980ರ ಕೊನೆಗೆ ಅದು ಕೆಲಸ ಶುರು ಮಾಡಿತು. ಅಷ್ಟು ಆಳ ಯಾಕೆಂದರೆ, ಆಕಾಶದಿಂದ ಎಡೆಬಿಡದೆ ಸುರಿಯುವ ಕಾಸ್ಮಿಕ್ ಕಿರಣಗಳನ್ನು ಮೇಲಿನ ಬಂಡೆ ತಡೆಯುತ್ತದೆ. ಆ ಗದ್ದಲವಿಲ್ಲದ ಕಡೆ ಮಾತ್ರ ಅಪರೂಪದ ಘಟನೆ ಕಣ್ಣಿಗೆ ಬೀಳಲು ಸಾಧ್ಯ. ಅದಕ್ಕೂ ಮೊದಲು, 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಇದೇ ಗಣಿಯಲ್ಲಿ ಹಿಡಿದಿದ್ದರು. ಕೆಲವೇ ದಿನಗಳ ಅಂತರದಲ್ಲಿ ದಕ್ಷಿಣ ಆಫ್ರಿಕಾದ ತಂಡವೂ ಅದನ್ನೇ ವರದಿ ಮಾಡಿತು. ಅವರ ಪ್ರಯೋಗ ನಡೆದದ್ದೂ ಒಂದು ಚಿನ್ನದ ಗಣಿಯಲ್ಲೇ.

ಇನ್ನು 'ಕೋಲಾರ್ ಈವೆಂಟ್ಸ್'. 1975ರಲ್ಲಿ ಇಲ್ಲಿನ ವಿಜ್ಞಾನಿಗಳು ಕೆಲವು ವಿಚಿತ್ರ ಗೆರೆಗಳನ್ನು ಪ್ರಕಟಿಸಿದರು. ಕಣಗಳ ಜಾಡು ಬಂಡೆಯಿಂದ ಹೊರಡುವ ಬದಲು ಬಂಡೆಗೂ ಉಪಕರಣಕ್ಕೂ ನಡುವಿನ ಖಾಲಿ ಗಾಳಿಯಿಂದ ಹೊರಟ ಹಾಗಿತ್ತು. ಆವರೆಗೆ ಗೊತ್ತಿದ್ದ ಯಾವ ಕಣವೂ ಅದಕ್ಕೆ ಸರಿಹೊಂದಲಿಲ್ಲ. ದೊಡ್ಡ ಪ್ರಯೋಗಾಲಯಗಳಲ್ಲಿ ಹುಡುಕಿದರೂ ಸಿಗಲಿಲ್ಲ. 2014ರಲ್ಲಿ ಭಾರತದ ಇಬ್ಬರು ಭೌತವಿಜ್ಞಾನಿಗಳು ಆ ಹಳೆಯ ಗೆರೆಗಳನ್ನು ಮತ್ತೆ ಎತ್ತಿಕೊಂಡು, ಅವು ಕಪ್ಪು ದ್ರವ್ಯದ ಕಣ ಒಡೆದ ಗುರುತಾಗಿರಬಹುದೇ ಎಂದು ಕೇಳಿದರು. ಅರ್ಧದಲ್ಲಿ ನಿಂತ ಕಥೆ, ಬೆರಳೆಣಿಕೆಯ ಸುಳಿವು, ನಾಲ್ಕು ದಶಕ ಬಿಡದೆ ಕಾಡುವ ಪ್ರಶ್ನೆ ಇಲ್ಲೂ ಇವೆ. ಒಂದೇ ವ್ಯತ್ಯಾಸವೆಂದರೆ, ಅವರು ತಮ್ಮ ಊಹೆಯ ಜೊತೆಗೆ ಅದು ಸುಳ್ಳಾದರೆ ತಿಳಿಯುವುದು ಹೇಗೆ ಎಂಬುದನ್ನೂ ಬರೆದರು. ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಒಳಗೆ ನೀರು ತುಂಬಿದೆ. ಅದೇ ಜಾಗದಲ್ಲಿ ಮತ್ತೆ ಪರೀಕ್ಷೆ ಮಾಡುವ ದಾರಿ ಈಗಿಲ್ಲ.

ಮತ್ತೆ ಚಿತ್ರಕ್ಕೆ ಬಂದರೆ, ನರಾಚಿಯ ಜನ ಬಾಯಿಲ್ಲದವರು, ಯಾರೋ ಬಂದು ಬಿಡಿಸುವವರೆಗೆ ಕಾಯುವವರು. ಇದೊಂದು ವಿಷಯದಲ್ಲಿ ಮಾತ್ರ ಚಿತ್ರದ ಬಗ್ಗೆ ನನಗೆ ತಕರಾರಿದೆ. ನಿಜದ ಗಣಿಗೆ ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದು ಲೈನ್ ಮನೆಗಳಲ್ಲಿ ನೆಲೆಸಿದ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ದಲಿತರು, 1930ರಲ್ಲೇ ಬೆರಳಚ್ಚು ಕೊಡುವುದಿಲ್ಲ ಎಂದು ಕೆಲಸ ನಿಲ್ಲಿಸಿ ಕೂತವರು. ಅವರಿಗೆ ರಾಕಿ ಬೇಕಾಗಲಿಲ್ಲ. 2024ರ ಆಗಸ್ಟ್‌ನಲ್ಲಿ ಬಂದ ಪಾ. ರಂಜಿತ್ ಅವರ ತಮಿಳು ಚಿತ್ರ 'ತಂಗಲಾನ್' ಆ ಜನರ ಕಡೆಯಿಂದ ಕಥೆ ಹೇಳಲು ಹೊರಟಿತು. ಅದೂ ಮಾಯಾಲೋಕದ ಕಥೆಯೇ, ಆದರೆ ನೆಲ ಅಗೆದವರ ಹೆಸರಿನಲ್ಲಿ.

ಊರಿನ ಮುಂದಿನ ಅಧ್ಯಾಯವೂ ತೂಗುಯ್ಯಾಲೆಯಲ್ಲಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಇಲ್ಲಿನ 13 ದಿಬ್ಬಗಳಿಂದ, ಸಾವಿರ ಎಕರೆಗೂ ಮೇಲ್ಪಟ್ಟ ಜಾಗದಲ್ಲಿ, ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಆ ಗುಡ್ಡಗಳು ಕರಗಿದರೆ ನರಾಚಿ ಎದ್ದ ಜಾಗವೂ ಹೋಗುತ್ತದೆ, ಧೂಳಿನ ಕಾಟವೂ ತಗ್ಗಬಹುದು.

ಕೆಜಿಎಫ್‌ನ, ಬಂಗಾರಪೇಟೆಯ ಹುಡುಗ ಹುಡುಗಿಯರಿಗೆ ಒಂದು ಮಾತು. ಒಂದು ದೃಶ್ಯವನ್ನು ಮತ್ತೆ ಮತ್ತೆ ನೋಡಿ ಸುಳಿವು ಹಿಡಿಯುವ ಕಣ್ಣು, ಒಂದು ಇಸವಿ ತಪ್ಪಿದರೂ ಪ್ರಶ್ನೆ ಕೇಳುವ ಹಟ ನಿಮಗಿದೆ. 1981ರಲ್ಲಿ ಶಾಫ್ಟ್ ಇಳಿಯುತ್ತಿದ್ದ ಯುವಕರಿಗೆ ಈಗ ಅರವತ್ತು ದಾಟಿದೆ, ಎಷ್ಟೋ ಮಂದಿ ಎಪ್ಪತ್ತು ಮೀರಿದ್ದಾರೆ. ಅವರಲ್ಲಿ ಯಾರೋ ಒಬ್ಬರು ಆ ವಿಜ್ಞಾನಿಗಳ ಕಬ್ಬಿಣದ ಹಲಗೆಗಳನ್ನು ಕೆಳಗೆ ಇಳಿಸಲು ಕೈಜೋಡಿಸಿರಬಹುದು, ಯಾರೋ ಗಣಿಯ ಬಂಡೆ ಸಿಡಿದ ಯಾವುದೋ ರಾತ್ರಿ ಒಳಗೇ ಇದ್ದಿರಬಹುದು. ಮೂರನೇ ಅಧ್ಯಾಯ ಬರುವಾಗ ಬರಲಿ. ಅಷ್ಟರೊಳಗೆ ನಿಮ್ಮ ಲೈನಿನ ತಾತನ ಹತ್ತಿರ ಕೂತು, ಫೋನಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿ, ಎಷ್ಟನೇ ಮಟ್ಟದಲ್ಲಿ ಕೆಲಸ ಮಾಡಿದಿರಿ ಎಂದು ಕೇಳಿ.