ಕರಗುವ ಹಂದರ

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೊರಟವರಿಗೆ ಡಾಕ್ಟರು ಹೇಳುವುದುಂಟು: ಹೊಲಿಗೆ ಬಿಚ್ಚಿಸಲು ಬರಬೇಕಿಲ್ಲ, ಅದು ತಾನಾಗಿ ಕರಗುತ್ತದೆ. ಒಂದು ಕಾಲಕ್ಕೆ ಕರಗುವ ದಾರವನ್ನು ಕುರಿ, ದನಗಳ ಕರುಳಿನಿಂದ ಮಾಡುತ್ತಿದ್ದರು. 1970ರ ದಶಕದ ಆರಂಭದಲ್ಲಿ ಪಾಲಿಗ್ಲೈಕೋಲಿಕ್ ಆಮ್ಲದ ಕೃತಕ ದಾರ ಡೆಕ್ಸಾನ್ ಮಾರುಕಟ್ಟೆಗೆ ಬಂತು. ಅದರ ಹಿಂದೆಯೇ ಬಂದ ವಿಕ್ರಿಲ್‌ನಲ್ಲಿ ಲ್ಯಾಕ್ಟಿಕ್ ಆಮ್ಲದ ಅಂಶವೂ ಬೆರೆತಿತ್ತು.

ಈ ಕೃತಕ ದಾರಗಳೆಲ್ಲ ಪುಟ್ಟ ಅಣುಗಳು ಸಾಲಾಗಿ ಕೈ ಹಿಡಿದು ನಿಂತ ಪಾಲಿಮರ್‌ಗಳು. ಅಣುಗಳ ನಡುವಿನ ಎಸ್ಟರ್ ಬಂಧವನ್ನು ದೇಹದೊಳಗಿನ ನೀರೇ ನಿಧಾನವಾಗಿ ಕಡಿಯುತ್ತದೆ. ಆಗ ಬಿಡುಗಡೆಯಾಗುವ ಲ್ಯಾಕ್ಟಿಕ್ ಆಮ್ಲ ದೇಹಕ್ಕೆ ಹೊಸಬನಲ್ಲ. ಜೋರಾಗಿ ಓಡಿದಾಗ ಸ್ನಾಯುಗಳಲ್ಲಿ ಹುಟ್ಟುವುದೂ ಅದೇ. ಕೊನೆಗೆ ಅದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೊರಬೀಳುತ್ತದೆ.

ಗಾಯ ಕೂಡಿಸುವ ಈ ವಸ್ತುವಿನ ಆಸರೆಯಲ್ಲಿ ಹೊಸ ಅಂಗಾಂಶವನ್ನೇ ಬೆಳೆಸಬಾರದೇಕೆ? ಸಂಶೋಧಕರಾದ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ 1993ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನ ಈ ವಿಚಾರಕ್ಕೆ ಒಂದು ಶಾಸ್ತ್ರದ ರೂಪ ಕೊಟ್ಟಿತು. ಪಾಲಿಮರ್‌ನಿಂದ ಸ್ಪಂಜಿನಂಥ ರಂಧ್ರಗಳ ರಚನೆ ಮಾಡಿ ಅದರಲ್ಲಿ ಜೀವಕೋಶಗಳನ್ನು ಬಿತ್ತುತ್ತಾರೆ. ಹೀರೆಬಳ್ಳಿ ಹಂದರಕ್ಕೆ ಹಬ್ಬಿದಂತೆ ಕೋಶಗಳು ಅದನ್ನು ತುಂಬಿಕೊಳ್ಳುತ್ತ ತಮ್ಮದೇ ಕೊಲಾಜೆನ್ ಎಂಬ ಪ್ರೋಟೀನಿನ ನಾರು ನೇಯುತ್ತವೆ. ಇತ್ತ ಹಂದರ ಕರಗುತ್ತ ಹೋಗುತ್ತದೆ. ಸಂಶೋಧಕ ಆಂಥನಿ ಅಟಾಲಾ ಅವರ ತಂಡ ಹೀಗೆ ಬೆಳೆಸಿದ ಮೂತ್ರಕೋಶದ ಅಂಗಾಂಶವನ್ನು 7 ಎಳೆಯ ರೋಗಿಗಳಿಗೆ ಜೋಡಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿತು.

ಕಷ್ಟವೆಲ್ಲ ಇರುವುದು ಕರಗುವ ವೇಳೆಯಲ್ಲಿ. ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಅಂಶ ಸಮಸಮವಾಗಿ ಬೆರೆತರೆ ಒಂದೆರಡು ತಿಂಗಳು. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಇನ್ನೊಂದು ಪಾಲಿಮರ್ ಆದರೆ ಎರಡು-ಮೂರು ವರ್ಷ. ಬೇಗ ಕರಗಿದರೆ ಎಳೆಯ ಅಂಗಾಂಶ ಕುಸಿಯುತ್ತದೆ, ತಡವಾದರೆ ಬೆಳವಣಿಗೆಗೆ ಅಡ್ಡ ನಿಲ್ಲುತ್ತದೆ. ತುಂಡು ದಪ್ಪವಾಗಿದ್ದರೆ ಒಳಗೆ ಆಮ್ಲ ಶೇಖರವಾಗಿ, ಹೊರಮೈಗಿಂತ ಮೊದಲು ನಡುಭಾಗವೇ ಕರಗುವುದುಂಟು.

ಇಡೀ ಅಂಗ ಬೆಳೆಸುವ ಕನಸಿನ ಸುದ್ದಿಗೆ ಪ್ರಚಾರ ಹೆಚ್ಚು. ಆದರೆ ಈ ವಿದ್ಯೆಯ ಬೇಗನೆ ಕೈಗೆಟುಕುವ ಫಲ ಇನ್ನೊಂದಿದೆ: ಔಷಧಗಳ ವಿಷಪರೀಕ್ಷೆ. ಅದು ಎಷ್ಟು ತುರ್ತಿನದು ಎಂಬುದಕ್ಕೆ ಫಿಯಾಲುರಿಡಿನ್ ಎಂಬ ಔಷಧವೇ ಸಾಕ್ಷಿ. ಪ್ರಾಣಿಗಳ ಪರೀಕ್ಷೆಯಲ್ಲಿ ಅಪಾಯದ ಸುಳಿವು ಕೊಡದಿದ್ದ ಅದನ್ನು 1993ರಲ್ಲಿ ಅಮೆರಿಕದಲ್ಲಿ 15 ಹೆಪಟೈಟಿಸ್-ಬಿ ರೋಗಿಗಳಿಗೆ ಪ್ರಯೋಗಾರ್ಥ ಕೊಡಲಾಯಿತು. 7 ಜನರ ಯಕೃತ್ತು ತೀವ್ರವಾಗಿ ಹಾಳಾಯಿತು. ಐವರು ತೀರಿಕೊಂಡರು, ಇಬ್ಬರು ಬದುಕಿದ್ದು ಯಕೃತ್ತಿನ ಕಸಿಯಿಂದ.

ಹಾಗಾದರೆ ಮನುಷ್ಯರ ಯಕೃತ್ತಿನ ಕೋಶಗಳ ಮೇಲೆಯೇ ಮೊದಲು ಪರೀಕ್ಷಿಸಬಹುದಲ್ಲ? ಆದರೆ ಚಪ್ಪಟೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದರೆ ಅವು ಕೆಲವೇ ದಿನಗಳಲ್ಲಿ ತಮ್ಮ ಕಸುಬು ಮರೆಯುತ್ತವೆ. ಔಷಧವನ್ನು ಒಡೆಯುವ ಕಿಣ್ವಗಳ ಉತ್ಪಾದನೆ ಇಳಿದುಬಿಡುತ್ತದೆ. ಸುತ್ತ ನೆರೆಕೋಶಗಳು, ಹಿಡಿದುಕೊಳ್ಳಲು ಮೆದುವಾದ ಆಸರೆ ಇದ್ದಾಗ ಅವು ಹೆಚ್ಚು ಕಾಲ ಯಕೃತ್ತಿನ ಕೋಶಗಳಾಗಿಯೇ ಉಳಿಯುತ್ತವೆ. ಇಲ್ಲಿ ಹಂದರ ಮತ್ತೆ ಕೆಲಸಕ್ಕೆ ಬರುತ್ತದೆ.

ಟೊರಾಂಟೊ ವಿಶ್ವವಿದ್ಯಾಲಯದ ಮಿಲಿಕಾ ರಾಡಿಸಿಕ್ ಅವರ ತಂಡ 2016ರಲ್ಲಿ ತೋರಿಸಿದ 'ಆಂಜಿಯೋಚಿಪ್' ಇದರ ಸೊಗಸಾದ ಉದಾಹರಣೆ. ಸಿಟ್ರಿಕ್ ಆಮ್ಲ ಬಳಸಿ ಮಾಡಿದ, ರಬ್ಬರಿನಂತೆ ಬಾಗುವ, ಜೈವಿಕವಾಗಿ ಕರಗುವ ಪಾಲಿಮರ್‌ನಲ್ಲಿ ಕವಲೊಡೆದ ಸಣ್ಣ ನಾಳಗಳ ಜಾಲ. ನಾಳದ ಒಳಮೈಗೆ ರಕ್ತನಾಳದ ಕೋಶಗಳು, ಸುತ್ತಲೂ ಹೃದಯದ ಅಥವಾ ಯಕೃತ್ತಿನ ಕೋಶಗಳು. ಔಷಧ ದೇಹದಲ್ಲಿ ಹರಿಯುವಂತೆಯೇ ನಾಳದ ಮೂಲಕ ಹರಿದು ಅಂಗಾಂಶ ತಲುಪುತ್ತದೆ. ಅದೇ ರಚನೆಯನ್ನು ಇಲಿಯ ಕಾಲಿನ ರಕ್ತನಾಳಕ್ಕೂ ಜೋಡಿಸಿ ನೋಡಿದರು. ಪರೀಕ್ಷೆ, ಕಸಿ ಎರಡಕ್ಕೂ ಒಂದೇ ವಸ್ತು! ಇಂಥ ಚಿಪ್‌ಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಸಿಲಿಕೋನ್ ಕೆಲವು ಔಷಧಗಳನ್ನು ತಾನೇ ಹೀರಿಕೊಂಡು ಲೆಕ್ಕ ತಪ್ಪಿಸುತ್ತದೆ. ಹಾಗಾಗಿ ಬೇರೆ ವಸ್ತುಗಳ ಹುಡುಕಾಟ ಅಗತ್ಯವೇ ಆಗಿದೆ.

ಕಾನೂನೂ ದಾರಿ ಬಿಡುತ್ತಿದೆ. ಹೊಸ ಔಷಧಕ್ಕೆ ಪ್ರಾಣಿ ಪರೀಕ್ಷೆ ಆಗಲೇಬೇಕೆಂಬ ಕಟ್ಟಳೆಯನ್ನು ಅಮೆರಿಕ 2022ರ ಡಿಸೆಂಬರ್‌ನಲ್ಲಿ ಸಡಿಲಿಸಿತು. 2023ರಲ್ಲಿ ಭಾರತವೂ ನಿಯಮ ತಿದ್ದಿ, ಕೋಶಾಧಾರಿತ ಪರೀಕ್ಷೆಗಳಿಗೆ ಮಾನ್ಯತೆ ನೀಡಿತು. ಈ ತಿದ್ದುಪಡಿಗೂ ಮೊದಲೇ, ಬೆಂಗಳೂರಿನ ಪ್ಯಾಂಡೋರಮ್ ಟೆಕ್ನಾಲಜೀಸ್ ಎಂಬ ಕಂಪನಿ 2015ರಲ್ಲೇ ಯಕೃತ್ತಿನ ಅಂಗಾಂಶವನ್ನು ತ್ರೀಡಿ ಮುದ್ರಣದಿಂದ ತಯಾರಿಸಿತ್ತು.

ಕೋಶವೊಂದು ರಕ್ತನಾಳದಿಂದ ಮಿಲಿಮೀಟರಿನ ಹತ್ತರಲ್ಲಿ ಎರಡು ಭಾಗಕ್ಕಿಂತ ದೂರ ಸರಿದರೆ ಆಮ್ಲಜನಕ ಸಿಗದೆ ಸೊರಗುತ್ತದೆ. ಕಸಿಗೆ ಬೇಕಾದ ದಪ್ಪನೆಯ ಯಕೃತ್ತನ್ನು ಬೆಳೆಸಲು ಇದು ದೊಡ್ಡ ತೊಡಕು. ಆದರೆ ಔಷಧವೊಂದರ ವಿಷವನ್ನು ಅದು ರೋಗಿಯನ್ನು ಮುಟ್ಟುವ ಮೊದಲೇ ಹಿಡಿಯಲು ತೆಳ್ಳನೆಯ ಒಂದು ಚೂರು ಸಾಕು.