ಓದು ಕಲಿಸಿದವಳೇ ಪುಸ್ತಕ ಸುಟ್ಟಳು

ತಮ್ಮನನ್ನು ನೋಡಿಕೊಳ್ಳಲು ಹೇಳಿ ತಾಯಿ ಹೊರಗೆ ಹೋಗಿದ್ದಳು. ಹದಿನೈದರ ಹುಡುಗಿ ಪುಸ್ತಕ ಹಿಡಿದು ಕೂತವಳು ಲೋಕವನ್ನೇ ಮರೆತಳು. ತಾಯಿ ಬಂದು ನೋಡಿದರೆ ಕೂಸು ಇನ್ನೂ ಗಲೀಜು ಬಟ್ಟೆಯಲ್ಲೇ ಇದೆ. ಮಗಳ ಪುಸ್ತಕಗಳನ್ನೆಲ್ಲ ಹುಡುಕಿ ತಂದವಳೇ, ಒಗೆದ ಬಿಳಿ ಬಟ್ಟೆ ಹರವುವ ಕಲ್ಲುಗುಪ್ಪೆಯ ಮೇಲೆ ರಾಶಿ ಹಾಕಿ, ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟಳು.

ಆ ಹುಡುಗಿಯೇ ಮುಂದೆ ಜಮೈಕಾ ಕಿಂಕೇಡ್ ಎಂದು ಹೆಸರಾದ ಕಾದಂಬರಿಕಾರ್ತಿ. 'ಮೈ ಬ್ರದರ್' (1997) ಎಂಬ ನೆನಪಿನ ಪುಸ್ತಕದಲ್ಲಿ ಈ ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ. ವಿಚಿತ್ರವೆಂದರೆ, ಶಾಲೆಗೆ ಸೇರುವ ಮೊದಲೇ ಅವರಿಗೆ ಓದು ಕಲಿಸಿದ್ದು ಇದೇ ತಾಯಿ.

ಕಿಂಕೇಡ್ ಹುಟ್ಟಿದ್ದು 1949ರಲ್ಲಿ, ಆಗ ಬ್ರಿಟಿಷರ ಕೈಯಲ್ಲಿದ್ದ ಆಂಟಿಗುವಾ ದ್ವೀಪದಲ್ಲಿ. ಮೊದಲ ಹೆಸರು ಎಲೇನ್ ಪಾಟರ್ ರಿಚರ್ಡ್‌ಸನ್. ಒಂಬತ್ತು ವರ್ಷ ತಾಯಿಯ ಏಕೈಕ ಮಗುವಾಗಿ ಮುದ್ದಿನಲ್ಲಿ ಬೆಳೆದರು. ಆಮೇಲೆ ಒಬ್ಬರ ಹಿಂದೊಬ್ಬರಂತೆ ಮೂವರು ತಮ್ಮಂದಿರು ಬಂದರು. ಮಲತಂದೆ ಬಡಗಿ, ಮನೆ ನಡೆಯುವುದೇ ಕಷ್ಟವಾಯಿತು. ಮಗಳ ಶಾಲೆ ನಿಂತಿತು. ಹದಿನೇಳರ ಸುಮಾರಿಗೆ ಅವಳನ್ನು ನ್ಯೂಯಾರ್ಕ್ ಬಳಿಯ ಉಳ್ಳವರ ಮನೆಗೆ ಮಕ್ಕಳನ್ನು ನೋಡಿಕೊಳ್ಳಲು ಕಳಿಸಿದರು. ಸಂಬಳ ಊರಿಗೆ ಬರಬೇಕಿತ್ತು. ಮಗಳು ಹಣ ಕಳಿಸುವುದನ್ನೂ ತಾಯಿಯ ಪತ್ರ ಒಡೆಯುವುದನ್ನೂ ನಿಲ್ಲಿಸಿದಳು. 1973ರಲ್ಲಿ ಹೆಸರನ್ನೇ ಬದಲಿಸಿಕೊಂಡಳು, ಬರೆಯುವವಳು ಯಾರೆಂದು ಮನೆಯವರಿಗೆ ತಿಳಿಯದಿರಲಿ ಎಂದು.

ತಾಯಿಯೇನೋ ಬರವಣಿಗೆಯ ಬೆನ್ನು ಬಿಡಲಿಲ್ಲ. 1978ರಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬಂದ 'ಗರ್ಲ್' ಕಥೆ ಇಡಿಯಾಗಿ ಒಂದೇ ವಾಕ್ಯ. ಬಟ್ಟೆ ಒಗೆಯುವುದು, ಅಡುಗೆ, ನಡಿಗೆ, ನಗು, ಎಲ್ಲಕ್ಕೂ ತಾಯಿಯ ಅಪ್ಪಣೆ. ಮಗಳಿಗೆ ಬಾಯಿ ತೆರೆಯಲು ಸಿಗುವುದು ಎರಡೇ ಸಲ. ಆ ಕಲ್ಲುಗುಪ್ಪೆಯೂ ಅಲ್ಲಿದೆ.

'ಆ್ಯನಿ ಜಾನ್' (1985) ಕಾದಂಬರಿಯಲ್ಲಿ ತಾಯಿ ಮಗಳಿಗೆ ಹೆಸರೂ ಒಂದೇ. ಇಬ್ಬರೂ ಒಟ್ಟಿಗೆ ಸ್ನಾನ ಮಾಡುತ್ತಾರೆ, ಒಂದೇ ಥಾನಿನ ಬಟ್ಟೆಯಲ್ಲಿ ಉಡುಪು ಹೊಲಿಸಿಕೊಳ್ಳುತ್ತಾರೆ. ಮಗಳು ಮೈನೆರೆಯುವ ವಯಸ್ಸಿಗೆ ಬಂದಾಗ, ಇನ್ನು ನಿನ್ನ ಬಟ್ಟೆ ನಿನಗೆ, ನನ್ನದು ನನಗೆ ಎಂದುಬಿಡುತ್ತಾಳೆ ತಾಯಿ. ಇಷ್ಟು ಸಣ್ಣ ಮಾತಿಗೆ ಹುಡುಗಿಯ ಕಾಲ ಕೆಳಗಿನ ನೆಲವೇ ಸರಿಯುತ್ತದೆ. ಮುಂದಿನ ಹಗೆಯ ಬೇರು ಇಲ್ಲಿದೆ: ಪ್ರೀತಿ ಸಾಲದೆ ಹುಟ್ಟಿದ ಸಿಟ್ಟಲ್ಲ ಇದು, ಪೂರ್ತಿ ಸಿಕ್ಕಿದ್ದನ್ನು ಕಿತ್ತುಕೊಂಡ ಸಿಟ್ಟು.

'ಲೂಸಿ' (1990) ಕಾದಂಬರಿಯ ನಾಯಕಿಯೂ ತಾಯಿಯ ಪತ್ರಗಳನ್ನು ಒಡೆಯದೆ ಇಡುತ್ತಾಳೆ. 1996ರ 'ದಿ ಆಟೋಬಯಾಗ್ರಫಿ ಆಫ್ ಮೈ ಮದರ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಥೆ ನಡೆಯುವುದು ಕಿಂಕೇಡರ ತಾಯಿಯ ತವರಾದ ಡೊಮಿನಿಕಾ ದ್ವೀಪದಲ್ಲಿ. ನಾಯಕಿ ಹುಟ್ಟಿದ ಗಳಿಗೆಯಲ್ಲೇ ಅವಳ ತಾಯಿ ಸಾಯುತ್ತಾಳೆ. ಜಗಳವಾಡಲೂ ತಾಯಿಯಿಲ್ಲದ ಆ ಹೆಂಗಸು, ತಾನು ಯಾರಿಗೂ ತಾಯಿಯಾಗುವುದಿಲ್ಲವೆಂದು ಪಟ್ಟು ಹಿಡಿದು ಬದುಕುತ್ತಾಳೆ.